ಎನ್‌ಕ್ರಿಪ್ಷನ್ ಉದಾಹರಣೆ ಕೋಡ್ ಸರಿಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಡ್ರಾಯ್ಡ್, ವಿಂಡೋಸ್, ಐಓಎಸ್, ಲಿನಕ್ಸ್ ಕರ್ನಲ್, ಯಾವುದರ ಡೆವಲಪರ್ ಡಾಕ್ಯುಮೆಂಟೇಶನ್ ತೆಗೆದರೂ "ಡೇಟಾ ಎನ್‌ಕ್ರಿಪ್ಟ್ ಮಾಡುವುದು ಹೀಗೆ" ಅಂತ ಹತ್ತು ಹದಿನೈದು ಸಾಲಿನ ಕೋಡ್ ಇರುತ್ತದೆ ಅಲ್ವಾ, ಈ ಪುಟ ಅದರ ಬಗ್ಗೆ. ಎನ್‌ಕ್ರಿಪ್ಟ್ ಅಂದರೆ ಕೀ (ಗುಟ್ಟಿನ ಬೈಟ್‌ಗಳು) ಇಲ್ಲದವರಿಗೆ ಓದಲಾಗದಂತೆ ಡೇಟಾ ಗೋಜಲು ಮಾಡುವುದು, ಡೀಕ್ರಿಪ್ಟ್ ಅಂದರೆ ಅದನ್ನು ಬಿಡಿಸುವುದು. ಅಂಥ ಕೋಡ್ ಬರೆಯುವವರಿಗೆ, ಅದನ್ನು ಬಳಸುವವರಿಗೆ, ತಪ್ಪು ಕಂಡರೆ ಸುಮ್ನಿರಲಾಗದವರಿಗೆ. ಆಂಡ್ರಾಯ್ಡ್ ಮಾತು ಜಾಸ್ತಿ ಬರುತ್ತದೆ, ನಾನು ದಿನಾ ಗುದ್ದಾಡುವುದು ಅದರ ಜೊತೆ. ಕಾಪಿ ಮಾಡಿಕೊಳ್ಳಲು ಇಲ್ಲಿ ಒಂದು ಸಾಲು ಕೋಡೂ ಇಲ್ಲ. ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ.

ಅದು ಬರೀ ಉದಾಹರಣೆ ತಾನೇ? ಅಷ್ಟಕ್ಕೇ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಬರೆದವರಿಗೆ ಅದು ಉದಾಹರಣೆ. ಸಂಜೆ ಆರಕ್ಕೆ ಬಿಲ್ಡ್ ಕಳಿಸಬೇಕಾದವರಿಗೆ ಅದು ಮುಗಿದ ಕೆಲಸ. ಎನ್‌ಕ್ರಿಪ್ಷನ್‌ನಲ್ಲಿ ಇನ್ನೊಂದು ಕಾಟ ಇದೆ. ತಪ್ಪು ಕೋಡ್ ಕೂಡ ಚೆನ್ನಾಗಿಯೇ ಓಡುತ್ತದೆ. ಬಟನ್ ಬಣ್ಣ ತಪ್ಪಾದರೆ ಪರದೆಯ ಮೇಲೆ ಕಾಣುತ್ತದೆ. ಸೈಫರ್ (ಗೋಜಲು ಮಾಡುವ ವಿಧಾನ) ತಪ್ಪಾದರೆ ಏನೂ ಕಾಣುವುದಿಲ್ಲ. ಔಟ್‌ಪುಟ್ ಎಂದಿನಂತೆ ಗೋಜಲು ಗೋಜಲು, ಡೀಕ್ರಿಪ್ಟ್ ಮಾಡಿದರೆ ಕೊಟ್ಟಿದ್ದೇ ವಾಪಸ್, ಟೆಸ್ಟ್ ಪಾಸ್.

2022ರಲ್ಲಿ ಒಂದು ಸಂಗತಿ ಸುದ್ದಿಯಾಯಿತು. ಹ್ಯುಂಡೈ ಅಯಾನಿಕ್ ಕಾರು ಇಟ್ಟುಕೊಂಡಿದ್ದ ಒಬ್ಬ ಡೆವಲಪರ್ ತನ್ನ ಕಾರಿನ ಇನ್ಫೋಟೈನ್‌ಮೆಂಟ್ ಸಾಫ್ಟ್‌ವೇರ್ ಬಿಚ್ಚಿ ನೋಡಲು ಹೊರಟ. ಅಪ್‌ಡೇಟ್ ಫೈಲ್ ಎಇಎಸ್ ಅನ್ನುವ ಸೈಫರ್‌ನಿಂದ ಎನ್‌ಕ್ರಿಪ್ಟ್ ಆಗಿತ್ತು. ಸಿಕ್ಕ ಕೀಯನ್ನು ಗೂಗಲ್‌ನಲ್ಲಿ ಹುಡುಕಿದರೆ, ಅದು ಅಮೆರಿಕದ ಮಾನಕಗಳ ಸಂಸ್ಥೆ ನಿಸ್ಟ್ 2001ರಲ್ಲಿ ಪ್ರಕಟಿಸಿದ ದಾಖಲೆಯ ಉದಾಹರಣೆ ಕೀ! ಅಪ್‌ಡೇಟ್‌ಗೆ ಸಹಿ ಹಾಕುವ ಆರ್‌ಎಸ್‌ಎ ಕೀ ಜೋಡಿಯೂ ಅಷ್ಟೇ, ಇಂಟರ್ನೆಟ್‌ನ ಒಂದು ಟ್ಯುಟೋರಿಯಲ್‌ನಿಂದ ಎತ್ತಿದ್ದು. ಗುಟ್ಟಾಗಿ ಇರಬೇಕಾದ ಖಾಸಗಿ ಕೀ ಕೂಡ ಅದೇ ಪುಟದಲ್ಲಿ ಇತ್ತು.

ಅಷ್ಟು ದೂರ ಹೋಗುವುದೇ ಬೇಡ. ನಾನು ಹಿಂದೆ ಇದ್ದ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೋಡ್ ರಿವ್ಯೂ ಮಾಡುವಾಗ, 0ಯಿಂದ 9ರವರೆಗಿನ ಅಂಕಿಗಳ ಮುಂದೆ ಇಂಗ್ಲಿಷ್‌ನ ಆರು ಅಕ್ಷರ ಸೇರಿಸಿದ 16 ಅಕ್ಷರದ ಕೀ ಕಣ್ಣಿಗೆ ಬಿತ್ತು. ಅದರ ಮೇಲೇ ಒಂದು ಕಾಮೆಂಟ್: "ಪ್ರೊಡಕ್ಷನ್‌ಗೆ ಹೋಗುವ ಮುನ್ನ ಇದನ್ನು ಬದಲಿಸಿ." ಆ ಕಾಮೆಂಟ್ ಕೂಡ ಉದಾಹರಣೆಯ ಜೊತೆಗೇ ಕಾಪಿ ಆಗಿ ಬಂದಿತ್ತು. ಎರಡು ವರ್ಷದಿಂದ ಪ್ರೊಡಕ್ಷನ್‌ನಲ್ಲೇ ಇತ್ತು.

ಈಗ ಅಧಿಕೃತ ಡಾಕ್ಯುಮೆಂಟೇಶನ್ ಯಾರು ಓದ್ತಾರೆ? ಎಲ್ಲರೂ ಸ್ಟ್ಯಾಕ್ ಓವರ್‌ಫ್ಲೋ ನೋಡೋದಲ್ವಾ?

ಡೆವಲಪರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಆ ತಾಣವನ್ನು ನೋಡುತ್ತಾರೆ, ಅದಕ್ಕೆ ಕಾರಣವೂ ಇದೆ. 2016ರಲ್ಲಿ ಒಂದು ಅಧ್ಯಯನ ನಡೆಯಿತು. 54 ಆಂಡ್ರಾಯ್ಡ್ ಡೆವಲಪರ್‌ಗಳನ್ನು ಗುಂಪು ಮಾಡಿ, ಒಂದು ಗುಂಪಿಗೆ ಸ್ಟ್ಯಾಕ್ ಓವರ್‌ಫ್ಲೋ ಮಾತ್ರ, ಇನ್ನೊಂದಕ್ಕೆ ಅಧಿಕೃತ ಡಾಕ್ಯುಮೆಂಟೇಶನ್ ಮಾತ್ರ, ಮತ್ತೊಂದಕ್ಕೆ ಪುಸ್ತಕ ಮಾತ್ರ ಕೊಟ್ಟರು. ಇನ್ನು ಕೆಲವರಿಗೆ ಏನು ಬೇಕಾದರೂ ನೋಡಿಕೊಳ್ಳಿ ಅಂದರು. ಸ್ಟ್ಯಾಕ್ ಓವರ್‌ಫ್ಲೋ ಗುಂಪಿನ ಕೋಡ್ ಕೆಲಸ ಮಾಡಿತು, ಆದರೆ ಸುರಕ್ಷತೆ ಕಡಿಮೆ. ಅಧಿಕೃತ ಡಾಕ್ಯುಮೆಂಟೇಶನ್ ಗುಂಪಿನ ಕೋಡ್ ಹೆಚ್ಚು ಸುರಕ್ಷಿತ, ಆದರೆ ಅದರಲ್ಲಿ ಕೆಲಸ ಮಾಡಿದ್ದೇ ಕಡಿಮೆ.

ನನ್ನ ಪ್ರಕಾರ ಇಡೀ ಸಮಸ್ಯೆ ಆ ಎರಡನೇ ಮಾತಿನಲ್ಲಿದೆ. ಡಾಕ್ಯುಮೆಂಟೇಶನ್ ಸರಿಯಾಗಿದ್ದೂ ಕೆಲಸಕ್ಕೆ ಬರದಿದ್ದರೆ ಜನ ಬೇರೆ ಕಡೆ ಹೋಗುತ್ತಾರೆ. ಹೋಗಿ ಏನು ತರುತ್ತಾರೆ ಅನ್ನುವುದಕ್ಕೆ 2017ರ ಇನ್ನೊಂದು ಅಧ್ಯಯನ ಇದೆ. ಪ್ಲೇ ಸ್ಟೋರ್‌ನ 13 ಲಕ್ಷ ಆಪ್ ಜಾಲಾಡಿದಾಗ 15.4 ಶೇಕಡಾ ಆಪ್‌ಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋದಿಂದ ಬಂದ ಸೆಕ್ಯೂರಿಟಿ ಕೋಡ್ ಸಿಕ್ಕಿತು. ಆ ಆಪ್‌ಗಳಲ್ಲಿ 97.9 ಶೇಕಡಾದಲ್ಲಿ ಕನಿಷ್ಠ ಒಂದು ತುಣುಕಾದರೂ ಅಪಾಯದ್ದು.

ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಯಾವುದು?

ಮೋಡ್ ಹೇಳದೇ ಬಿಡುವುದು. ಮೋಡ್ ಅಂದರೆ ಉದ್ದದ ಡೇಟಾವನ್ನು ತುಂಡು ತುಂಡಾಗಿ ಹೇಗೆ ಎನ್‌ಕ್ರಿಪ್ಟ್ ಮಾಡಬೇಕು ಅನ್ನುವ ಕ್ರಮ. ಜಾವಾದಲ್ಲಿ ಸೈಫರ್ ಕೇಳುವಾಗ ಬರೀ "ಎಇಎಸ್" ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಇಸಿಬಿ ಮೋಡ್. ಇಸಿಬಿಯಲ್ಲಿ ಪ್ರತಿ 16 ಬೈಟ್ ತುಂಡೂ ತನ್ನಷ್ಟಕ್ಕೆ ಎನ್‌ಕ್ರಿಪ್ಟ್ ಆಗುತ್ತದೆ. ಒಂದೇ ಥರದ ತುಂಡು ಎಲ್ಲೆಲ್ಲಿ ಬಂದರೂ ಒಂದೇ ಥರದ ಔಟ್‌ಪುಟ್. ಲಿನಕ್ಸ್‌ನ ಪೆಂಗ್ವಿನ್ ಟಕ್ಸ್ ಚಿತ್ರವನ್ನು ಇಸಿಬಿಯಲ್ಲಿ ಎನ್‌ಕ್ರಿಪ್ಟ್ ಮಾಡಿದ್ದನ್ನು ನೀವು ನೋಡಿರಬಹುದು. ಬಣ್ಣ ಕೆಟ್ಟಿರುತ್ತದೆ, ಪೆಂಗ್ವಿನ್ ಮಾತ್ರ ಹೊಟ್ಟೆ ತೋರಿಸಿಕೊಂಡು ಹಾಗೇ ಕೂತಿರುತ್ತದೆ.

ಇದು ಬರೀ ಪಾಠದ ಮಾತು ಅಂದುಕೊಳ್ಳಬೇಡಿ. 2013ರಲ್ಲಿ ಅಡೋಬಿಯಿಂದ ಸೋರಿದ ಪಾಸ್‌ವರ್ಡ್‌ಗಳು ಟ್ರಿಪಲ್ ಡಿಇಎಸ್ ಅನ್ನುವ ಹಳೆಯ ಸೈಫರ್‌ನ ಇಸಿಬಿಯಲ್ಲಿದ್ದವು. ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರ ಸಾಲೂ ಒಂದೇ ಥರ ಕಾಣುತ್ತಿತ್ತು. 2020ರಲ್ಲಿ ಜೂಮ್ ಮೀಟಿಂಗ್‌ಗಳಲ್ಲೂ ಇಸಿಬಿ ಸಿಕ್ಕಿತು.

ಉಳಿದ ತಪ್ಪುಗಳು ಇದರ ಅಣ್ಣ ತಮ್ಮಂದಿರು: ಕೋಡ್‌ನಲ್ಲೇ ಬರೆದಿಟ್ಟ ಕೀ, ಪ್ರತಿ ಸಲವೂ ಅದೇ ಐವಿ (ಒಂದೇ ಡೇಟಾ ಪ್ರತಿ ಸಲ ಬೇರೆ ಥರ ಕಾಣಲು ಶುರುವಿನಲ್ಲಿ ಬೆರೆಸುವ ಬೈಟ್‌ಗಳು), ಬದಲಾಗದ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ರಾಂಡಮ್ ಬೈಟ್‌ಗಳು). 2013ರಲ್ಲಿ ಕ್ರಿಪ್ಟೋ (ಎನ್‌ಕ್ರಿಪ್ಷನ್ ವಗೈರೆ) ಬಳಸುವ 11,748 ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷಿಸಿದಾಗ 10,327ರಲ್ಲಿ ಇಂಥದ್ದೊಂದು ತಪ್ಪಾದರೂ ಇತ್ತು. ನೂರಕ್ಕೆ 88. ಅಷ್ಟು ಜನ ಒಟ್ಟಿಗೆ ತಪ್ಪಿದಾಗ ಡೆವಲಪರ್‌ಗಳನ್ನು ಬೈದು ಉಪಯೋಗವಿಲ್ಲ. ಎಪಿಐ (ಕೋಡ್‌ನಿಂದ ಕರೆಯುವ ಸಿದ್ಧ ಫಂಕ್ಷನ್‌ಗಳು) ಮತ್ತು ಅದರ ಜೊತೆ ಬರುವ ಉದಾಹರಣೆ ಎರಡನ್ನೂ ನೋಡಬೇಕು.

ಐವಿ ಅಂದ್ರೆ ಗುಟ್ಟಾಗಿ ಇಡಬೇಕಾದದ್ದಾ? ಎಲ್ಲಿ ಇಡೋದು?

ಗುಟ್ಟೇನಿಲ್ಲ. ಎನ್‌ಕ್ರಿಪ್ಟ್ ಆದ ಡೇಟಾದ ಮುಂದೆಯೇ ಅಂಟಿಸಿ ಇಡಬಹುದು. ಆದರೆ ಪ್ರತಿ ಸಲ ಹೊಸದಾಗಿರಬೇಕು. ಎನ್‌ಕ್ರಿಪ್ಟ್ ಮಾಡುವ ಜೊತೆಗೆ ತಿದ್ದುಪಡಿಯನ್ನೂ ಪತ್ತೆ ಮಾಡುವ ಜಿಸಿಎಂ ಮೋಡ್‌ನಲ್ಲಿ ಇದನ್ನು ನಾನ್ಸ್ ಅನ್ನುತ್ತಾರೆ, ಅಳತೆ 12 ಬೈಟ್. ಒಂದೇ ಕೀ ಜೊತೆ ಒಂದೇ ನಾನ್ಸ್ ಎರಡು ಸಲ ಬಂದರೆ ಎರಡು ಸಂದೇಶಗಳ ಎಕ್ಸ್‌ಓಆರ್ (ಬಿಟ್ ಬಿಟ್ ಹೋಲಿಸಿದ ವ್ಯತ್ಯಾಸ) ಬಯಲಾಗುತ್ತದೆ. ಜೊತೆಗೆ, ಡೇಟಾ ಯಾರೂ ತಿದ್ದಿಲ್ಲ ಅಂತ ಖಾತ್ರಿ ಮಾಡುವ ಒಳಗಿನ ಕೀಯೂ ಸಿಕ್ಕಿಬಿಡಬಹುದು.

ಉದಾಹರಣೆಗಳ ದೊಡ್ಡ ಕೊರತೆ ಇಲ್ಲೇ. ಹೆಚ್ಚಿನವು ಎನ್‌ಕ್ರಿಪ್ಟ್ ಮಾಡಿ ತೋರಿಸಿ ನಿಂತುಬಿಡುತ್ತವೆ. ಆಂಡ್ರಾಯ್ಡ್ ಡಾಕ್ಯುಮೆಂಟೇಶನ್‌ನಲ್ಲಿ ಬಹಳ ಕಾಲ ಇದ್ದ ಉದಾಹರಣೆ ಹೀಗಿತ್ತು: 256 ಬಿಟ್ ಕೀ ಹುಟ್ಟಿಸು, ಸೈಫರ್ ತಗೋ, ಎನ್‌ಕ್ರಿಪ್ಟ್ ಮಾಡು, ಕೊನೆಗೆ ಸೈಫರ್‌ನಿಂದ ಐವಿ ಕೇಳಿ ಒಂದು ವೇರಿಯಬಲ್‌ಗೆ ಹಾಕು. ಅಲ್ಲಿಗೆ ಮುಗಿಯಿತು. ಆ ಐವಿಯನ್ನು ಏನು ಮಾಡಬೇಕು? ನಾಳೆ ಡೀಕ್ರಿಪ್ಟ್ ಮಾಡುವಾಗ ಎಲ್ಲಿಂದ ತರಬೇಕು? ಉತ್ತರ ಇಲ್ಲ. ಆಗ ಡೆವಲಪರ್ ಏನು ಮಾಡುತ್ತಾನೆ? ಡೀಕ್ರಿಪ್ಟ್ ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆರೆದುಕೊಂಡು, ಎರಡೂ ಕಡೆ 16 ಸೊನ್ನೆ ಇಟ್ಟುಬಿಡುತ್ತಾನೆ. ಕೆಲಸ ಆಯಿತು! ಸ್ಥಿರ ಐವಿ ಹುಟ್ಟುವುದು ಹೀಗೆ.

ಆದ್ದರಿಂದ ನಾನು ಉದಾಹರಣೆ ನೋಡುವಾಗ ಮೊದಲು ಕೇಳುವ ಪ್ರಶ್ನೆ: ಆಪ್ ಮುಚ್ಚಿ ಮತ್ತೆ ತೆರೆದ ಮೇಲೆ ಈ ಡೇಟಾ ವಾಪಸ್ ಓದಲು ಬೇಕಾದ್ದೆಲ್ಲ ಇದರಲ್ಲಿ ಇದೆಯಾ? ಆಪಲ್‌ನ ಎನ್‌ಕ್ರಿಪ್ಷನ್ ಲೈಬ್ರರಿ ಕ್ರಿಪ್ಟೋಕಿಟ್ ಇದನ್ನು ಚೆನ್ನಾಗಿ ಬಗೆಹರಿಸಿದೆ. 2019ರಲ್ಲಿ ಐಓಎಸ್ 13ರ ಜೊತೆ ಬಂದದ್ದು. ಸೀಲ್ ಮಾಡು ಅಂದರೆ ನಾನ್ಸ್ ಅದೇ ಹುಟ್ಟಿಸುತ್ತದೆ. ನಾನ್ಸ್, ಡೇಟಾ, ಟ್ಯಾಗ್ (ಡೇಟಾ ಯಾರೂ ತಿದ್ದಿಲ್ಲ ಅನ್ನುವ ಮುದ್ರೆ) ಮೂರನ್ನೂ ಒಂದೇ ಗಂಟು ಕಟ್ಟಿ ಕೊಡುತ್ತದೆ. 12 ಬೈಟ್ ನಾನ್ಸ್, 16 ಬೈಟ್ ಟ್ಯಾಗ್, ಒಟ್ಟು 28 ಬೈಟ್ ಹೆಚ್ಚುವರಿ. ಆ ಗಂಟನ್ನೇ ಉಳಿಸಿ, ಅದನ್ನೇ ಬಿಚ್ಚಿ. ಅದೇ ಆಪಲ್‌ನ ಹಳೆಯ ಕಾಮನ್‌ಕ್ರಿಪ್ಟೋ ನೋಡಿ: ಐವಿ ಕೊಡದಿದ್ದರೆ ತಕರಾರೇ ಇಲ್ಲದೆ ಎಲ್ಲ ಸೊನ್ನೆ ಇಟ್ಟುಕೊಂಡು ಮುಂದೆ ಹೋಗುತ್ತದೆ.

ಕೀಗಳನ್ನು ಕಾಪಾಡುವ ಆಂಡ್ರಾಯ್ಡ್ ಕೀಸ್ಟೋರ್ ಸ್ವಲ್ಪ ಗಟ್ಟಿ ಆಸಾಮಿ. ಆಂಡ್ರಾಯ್ಡ್ 6ರಿಂದ ಎಇಎಸ್ ಕೀಗಳನ್ನು ಇಟ್ಟುಕೊಳ್ಳುತ್ತದೆ. ಎನ್‌ಕ್ರಿಪ್ಟ್ ಮಾಡುವಾಗ ನೀವೇ ಐವಿ ಕೊಡಲು ಹೋದರೆ ಡೀಫಾಲ್ಟ್ ಆಗಿ ಒಪ್ಪುವುದಿಲ್ಲ. ಇಸಿಬಿಯನ್ನೂ ಒಪ್ಪುವುದಿಲ್ಲ. ಆ ಕಾವಲನ್ನು ತೆಗೆಯಲು ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿ ತೋರಿಸುವ ಉದಾಹರಣೆ ಕಂಡರೆ ದಯವಿಟ್ಟು ದೂರು ಕೊಡಿ.

ಉದಾಹರಣೆಯಲ್ಲಿ ಸಿಬಿಸಿ ಇದ್ದರೆ ತಪ್ಪಾ?

ಸಿಬಿಸಿ ಅಂದರೆ ಪ್ರತಿ ತುಂಡನ್ನೂ ಹಿಂದಿನ ತುಂಡಿನ ಔಟ್‌ಪುಟ್ ಜೊತೆ ಬೆರೆಸುವ ಮೋಡ್. ಬರೀ ಸಿಬಿಸಿ ಇದ್ದು, ಡೇಟಾ ತಿದ್ದುಪಡಿ ಆಗಿದೆಯಾ ಅಂತ ನೋಡುವ ಎಚ್‌ಮ್ಯಾಕ್ ಇಲ್ಲದಿದ್ದರೆ ಅರ್ಧ ತಪ್ಪು. ಪ್ಯಾಡಿಂಗ್ (ಕೊನೆಯ ತುಂಡು ಭರ್ತಿ ಮಾಡಲು ಸೇರಿಸಿದ ಬೈಟ್‌ಗಳು) ಸರಿಯಿದೆಯಾ ಇಲ್ಲವಾ ಅನ್ನುವ ಒಂದೇ ಸುಳಿವಿನಿಂದ ಇಡೀ ಸಂದೇಶ ಬಿಡಿಸಬಹುದು ಅಂತ 2002ರಲ್ಲೇ ಕ್ರಿಪ್ಟೋ ಸಂಶೋಧಕ ಸರ್ಜ್ ವೊಡೆನೆ ತೋರಿಸಿದ್ದರು. 2010ರಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಫ್ರೇಮ್‌ವರ್ಕ್ ಎಎಸ್‌ಪಿ ಡಾಟ್‌ನೆಟ್‌ಗೆ ಇದೇ ಏಟು ಬಿತ್ತು. ಮೊದಲು ಡೇಟಾ ಅಸಲಿ ಅಂತ ಖಾತ್ರಿ ಮಾಡಿಕೊಳ್ಳದೆ ಪ್ಯಾಡಿಂಗ್ ಇರುವ ಸಿಬಿಸಿ ಡೀಕ್ರಿಪ್ಟ್ ಮಾಡುವುದು ಇನ್ನು ಸುರಕ್ಷಿತವಲ್ಲ ಅಂತ ಮೈಕ್ರೋಸಾಫ್ಟ್ ತನ್ನ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದೆ. ಹೊಸ ಉದಾಹರಣೆಗೆ ಜಿಸಿಎಂ ಸಾಕು.

ಪಾಸ್‌ವರ್ಡ್‌ನಿಂದ ಕೀ ಮಾಡುವ ಉದಾಹರಣೆಗಳ ಕತೆ ಏನು?

ಇದು ಕತೆಯೇ. ಹಳೆಯ ಆಂಡ್ರಾಯ್ಡ್ ಕಾಲದಲ್ಲಿ ಒಂದು ತುಣುಕು ಎಲ್ಲ ಕಡೆ ಓಡಾಡುತ್ತಿತ್ತು. ಸೆಕ್ಯೂರ್‌ರಾಂಡಮ್ ಅನ್ನುವ ರಾಂಡಮ್ ಸಂಖ್ಯೆಗಳ ಕ್ಲಾಸ್‌ಗೆ ಪಾಸ್‌ವರ್ಡನ್ನೇ ಬೀಜವಾಗಿ (ಶುರು ಮಾಡುವ ಮೌಲ್ಯವಾಗಿ) ಕೊಡು, ಅದರಿಂದ ಕೀ ಹುಟ್ಟಿಸು. ರಾಂಡಮ್ ಅಂದಮೇಲೆ ಪ್ರತಿ ಸಲ ಬೇರೆ ಬರಬೇಕಲ್ವಾ? ಆಂಡ್ರಾಯ್ಡ್‌ನಲ್ಲಿದ್ದ ಶಾ1ಪಿಆರ್‌ಎನ್‌ಜಿ ಅನ್ನುವ ರಾಂಡಮ್ ವಿಧಾನಕ್ಕೆ ಮೊದಲೇ ಬೀಜ ಕೊಟ್ಟರೆ ಪ್ರತಿ ಸಲ ಅದೇ ಉತ್ತರ ಬರುತ್ತಿತ್ತು. ಅದೊಂದು ದೋಷ. ಜನ ಆ ದೋಷದ ಮೇಲೆ ಮನೆ ಕಟ್ಟಿಕೊಂಡರು.

ಆಂಡ್ರಾಯ್ಡ್ 4.2ರಲ್ಲಿ ಡೀಫಾಲ್ಟ್ ಬದಲಾಯಿತು, ಆಪ್‌ಗಳು ಮುರಿದುಬಿದ್ದವು. ಆಗ ಹೊಸ ತುಣುಕು ಹಬ್ಬಿತು: "ಕ್ರಿಪ್ಟೋ" ಅನ್ನುವ ಹಳೆಯ ಪ್ರೊವೈಡರ್ (ಕ್ರಿಪ್ಟೋ ಕೋಡ್ ಒದಗಿಸುವ ಭಾಗ) ಹೆಸರು ಸೇರಿಸಿ, ಸರಿಹೋಗುತ್ತೆ. ಹೋಯಿತು ಕೂಡ. 2016ರಲ್ಲಿ ಆಂಡ್ರಾಯ್ಡ್ 7ರ ಹೊತ್ತಿಗೆ ಗೂಗಲ್ ಆ ಪ್ರೊವೈಡರ್ ಬಳಸಬೇಡಿ ಅಂತ ಹೇಳಿ, ಆಂಡ್ರಾಯ್ಡ್ 9ರಲ್ಲಿ ತೆಗೆದೇ ಹಾಕಿತು.

ಮೆಚ್ಚಬೇಕಾದ ಒಂದು ಮಾತು ಇದೆ. ಗೂಗಲ್ ಬರೀ ಬೇಡ ಅನ್ನಲಿಲ್ಲ. ಪಾಸ್‌ವರ್ಡನ್ನು ಸಾವಿರಾರು ಸುತ್ತು ತಿರುಗಿಸಿ ಕೀ ಮಾಡುವ ಪಿಬಿಕೆಡಿಎಫ್2 ಬಳಸಿದ ಸರಿಯಾದ ಕೋಡ್ ಕೊಟ್ಟಿತು. ಜೊತೆಗೆ ಹಳೆಯ ಡೇಟಾ ಓದಿ ಹೊಸದಾಗಿ ಎನ್‌ಕ್ರಿಪ್ಟ್ ಮಾಡಲಿ ಅಂತ ಹಳೆಯ ವಿಧಾನವನ್ನೂ ಒಂದು ಕ್ಲಾಸ್ ಮಾಡಿ ಕೊಟ್ಟಿತು. ಅದರ ಹೆಸರು ಶುರುವಾಗುವುದೇ "ಇನ್‌ಸೆಕ್ಯೂರ್" ಅಂತ. ಯಾರಾದರೂ ಕಾಪಿ ಮಾಡಿದರೂ ಕೋಡ್ ರಿವ್ಯೂನಲ್ಲಿ ಆ ಹೆಸರು ಕಣ್ಣಿಗೆ ಕುಕ್ಕುತ್ತದೆ.

ಸಂಖ್ಯೆಗಳ ವಿಷಯ. ಪಿಬಿಕೆಡಿಎಫ್2 ಎಷ್ಟು ಸುತ್ತು ತಿರುಗಬೇಕು? 2000ದ ಆರ್‌ಎಫ್‌ಸಿ (ಇಂಟರ್ನೆಟ್ ತಂತ್ರಜ್ಞಾನದ ದಾಖಲೆ) ಕನಿಷ್ಠ 1,000 ಅಂದಿತ್ತು. ಆ 1,000 ಇವತ್ತಿಗೂ ಉದಾಹರಣೆಗಳಲ್ಲಿ ಉಸಿರಾಡುತ್ತಿದೆ. ಶಾ256 ಹ್ಯಾಶ್ ಬಳಸಿದರೆ ಸಾಫ್ಟ್‌ವೇರ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ ಹೇಳುವುದು 6,00,000. ಉದಾಹರಣೆಯಲ್ಲಿ ಇಂಥ ಸಂಖ್ಯೆ ಹಾಕಿದರೆ ಪಕ್ಕದಲ್ಲೇ ಇಸವಿಯನ್ನೂ ಬರೆಯಿರಿ. ಹಾಲಿನ ಪ್ಯಾಕೆಟ್ ಮೇಲೆ ತಾರೀಕು ಇರುತ್ತದಲ್ಲ, ಹಾಗೆ.

ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟರೆ ಏನಾಗುತ್ತೆ?

ನನಗೆ ಬಹಳ ಇಷ್ಟದ ಪ್ರಶ್ನೆ. ಉದಾಹರಣೆಗಳೆಲ್ಲ "ಹಲೋ ವರ್ಲ್ಡ್" ಎನ್‌ಕ್ರಿಪ್ಟ್ ಮಾಡಿ ತೋರಿಸುತ್ತವೆ. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅಕ್ಷರ ಎಣಿಕೆ, ಬೈಟ್ ಎಣಿಕೆ ಒಂದೇ. ಕನ್ನಡದಲ್ಲಿ ಯುಟಿಎಫ್8 (ಅಕ್ಷರಗಳನ್ನು ಬೈಟ್ ಮಾಡುವ ಕ್ರಮ) ಪ್ರಕಾರ ಪ್ರತಿ ಚಿಹ್ನೆಗೆ ಮೂರು ಬೈಟ್, ಒತ್ತಿಗೂ ಗುಣಿತಕ್ಕೂ ಸೇರಿ. ಪಾಸ್‌ವರ್ಡ್‌ನ ಮೊದಲ 16 ಅಕ್ಷರ ಕತ್ತರಿಸಿ ನೇರವಾಗಿ ಕೀ ಮಾಡಿಕೋ ಅನ್ನುವ ಕೆಟ್ಟ ಉದಾಹರಣೆಗೆ ಕನ್ನಡ ಕೊಟ್ಟರೆ 48 ಬೈಟ್ ಬಂದು ಎರರ್ ಎಸೆಯುತ್ತದೆ. ಎಸೆದರೆ ಒಳ್ಳೆಯದೇ. ಈಗ "ಬೆಂಗಳೂರು" ಅಂತ ಕೊಟ್ಟು ನೋಡಿ. ಬ, ಎತ್ವ, ಸೊನ್ನೆ, ಗ, ಳ, ಊ ಗುಣಿತ, ರ, ಉ ಗುಣಿತ: ಎಂಟು ಚಿಹ್ನೆ, 24 ಬೈಟ್. ಎಇಎಸ್‌ಗೆ 24 ಬೈಟ್ ಕೀ ಸಿಂಧು! ಎರರ್ ಇಲ್ಲ, ಸದ್ದಿಲ್ಲ, ಊರಿನ ಹೆಸರೇ ಎಇಎಸ್ 192ರ ಕೀ.

ಇದಕ್ಕಿಂತ ಮಜಾ ಇನ್ನೊಂದಿದೆ. ಆಂಡ್ರಾಯ್ಡ್ 4.4ಕ್ಕೆ ಮುಂಚೆ, ಶಾ1 ಬಳಸುವ ಪಿಬಿಕೆಡಿಎಫ್2 ಪಾಸ್‌ವರ್ಡ್‌ನ ಪ್ರತಿ ಅಕ್ಷರದ ಕೆಳಗಿನ 8 ಬಿಟ್ ಮಾತ್ರ ತೆಗೆದುಕೊಳ್ಳುತ್ತಿತ್ತು. ಇಂಗ್ಲಿಷ್‌ಗೆ ಅದು ಸಾಕು. ಕನ್ನಡದ ಕ ಯೂನಿಕೋಡ್‌ನಲ್ಲಿ 0ಸಿ95, ತಮಿಳಿನ ಕ 0ಬಿ95, ಗುಜರಾತಿಯ ಕ 0ಎ95, ಬಂಗಾಳಿಯ ಕ 0995. ನಮ್ಮ ಲಿಪಿಗಳನ್ನೆಲ್ಲ ಇಸ್ಕಿ ಅನ್ನುವ ಹಳೆಯ ಭಾರತೀಯ ಮಾನಕದ ಕ್ರಮದಲ್ಲೇ ಜೋಡಿಸಿದ್ದರಿಂದ ಹೀಗೆ ಸಾಲಾಗಿ ಕೂತಿವೆ. ಮೇಲಿನ ಬೈಟ್ ಕಿತ್ತುಹಾಕಿದರೆ ಎಲ್ಲವೂ ಬರೀ 95. ಅಂದರೆ "ಕಮಲ" ಅಂತ ಕನ್ನಡದಲ್ಲಿ ಬರೆದರೂ ತಮಿಳಿನಲ್ಲಿ ಬರೆದರೂ ಹುಟ್ಟುವ ಕೀ ಒಂದೇ. 4.4ರಲ್ಲಿ ಸರಿಪಡಿಸಿ, ಹಳೆಯ ನಡವಳಿಕೆ ಬೇಕಾದವರಿಗೆ ಕೊನೆಯಲ್ಲಿ "8ಬಿಟ್" ಅಂತ ಸೇರಿಸಿದ ಬೇರೆ ಹೆಸರು ಕೊಟ್ಟರು. ಇಂಗ್ಲಿಷ್ ಪಾಸ್‌ವರ್ಡ್‌ನಲ್ಲೇ ಪರೀಕ್ಷೆ ಮಾಡಿಕೊಂಡಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇನ್ನೂ ಬಗೆಹರಿಯದ ಒಂದು: "ಕೋಲಾರ"ದ ಓ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಚಿಹ್ನೆ ಜೋಡಿಸಿಯೂ ಬರೆಯಬಹುದು. ಒಂದು ರೀತಿಯಲ್ಲಿ 15 ಬೈಟ್, ಇನ್ನೊಂದರಲ್ಲಿ 21. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಒಂದು ಕೀಬೋರ್ಡ್‌ನಲ್ಲಿ ಇಟ್ಟ ಪಾಸ್‌ವರ್ಡ್ ಇನ್ನೊಂದರಲ್ಲಿ ತೆರೆಯದಿರಬಹುದು. ಪರಿಹಾರ ಒಂದೇ ಸಾಲು, ಕೀ ಮಾಡುವ ಮುನ್ನ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಜೋಡಿಸಿದ ರೂಪಕ್ಕೆ) ನಾರ್ಮಲೈಸ್ ಮಾಡುವುದು. ಆ ಸಾಲು ಇರುವ ಉದಾಹರಣೆ ಇವತ್ತಿನವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕನ್ನಡಿಗರು ಕಳಿಸಬಹುದಾದ ಒಳ್ಳೆಯ ಪ್ಯಾಚ್ ಇದು.

ವಿಂಡೋಸ್, ಲಿನಕ್ಸ್ ಉದಾಹರಣೆಗಳು ಹೇಗಿವೆ?

ವಿಂಡೋಸ್‌ನ ಹಳೆಯ ಕ್ರಿಪ್ಟೋಎಪಿಐನ ಫೈಲ್ ಎನ್‌ಕ್ರಿಪ್ಟ್ ಮಾಡುವ ಉದಾಹರಣೆಯಲ್ಲಿ ಈಗ ದುರ್ಬಲ ಅನ್ನಿಸಿಕೊಂಡ ಆರ್‌ಸಿ4 ಸೈಫರ್ ಮತ್ತು ಎಂಡಿ5 ಹ್ಯಾಶ್ ಇದ್ದವು. ವಿಂಡೋಸ್ ವಿಸ್ಟಾ ಜೊತೆ ಅದರ ಬದಲು ಸಿಎನ್‌ಜಿ ಅನ್ನುವ ಹೊಸ ಎಪಿಐ ಬಂತು. ಅದರ ಉದಾಹರಣೆಯಲ್ಲಿ ಎಇಎಸ್ ಏನೋ ಇತ್ತು, ಆದರೆ ಕೀ ಸೊನ್ನೆಯಿಂದ ಹದಿನೈದರವರೆಗೆ ಎಣಿಕೆ, ಐವಿಯೂ ಅದೇ ಎಣಿಕೆ. ಮಗ್ಗಿ ಹೇಳಿದ ಹಾಗೆ.

ಲಿನಕ್ಸ್ ಕರ್ನಲ್ ಕ್ರಿಪ್ಟೋ ಉದಾಹರಣೆ ಹಿಂದೆ ಒಂದು ನಿರ್ದಿಷ್ಟ ಡ್ರೈವರ್‌ನ ಹೆಸರು ಹಿಡಿದೇ ಕೇಳುತ್ತಿತ್ತು. ಅದು ಎಕ್ಸ್86 ಪ್ರೊಸೆಸರ್‌ನ ಎಇಎಸ್ ಸೂಚನೆಗಳನ್ನು ಬಳಸುವ ಸಿಬಿಸಿ. ಎಆರ್‌ಎಂ ಪ್ರೊಸೆಸರ್ ಮೇಲೆ ಅದು ಸಿಗುವುದೇ ಇಲ್ಲ. ಈಗಿನದು ಎಕ್ಸ್‌ಟಿಎಸ್ ಮೋಡ್‌ನ ಎಇಎಸ್ ಅಂತ ಮಾತ್ರ ಕೇಳುತ್ತದೆ, ಡ್ರೈವರ್ ಆಯ್ಕೆ ಕರ್ನಲ್‌ಗೆ ಬಿಟ್ಟಿದ್ದು. ಉದಾಹರಣೆಗೋಸ್ಕರ ಎಲ್ಲ ಇನ್‌ಪುಟ್‌ಗಳೂ ರಾಂಡಮ್ ಬೈಟ್‌ಗಳು ಅಂತ ಮೊದಲೇ ಹೇಳಿಬಿಡುತ್ತದೆ. ಅಂಥ ಒಂದು ವಾಕ್ಯಕ್ಕೆ ಬೆಲೆ ಇದೆ.

ಉದಾಹರಣೆ ಚಿಕ್ಕದಾಗಿದ್ದರೆ ತಾನೇ ಅರ್ಥ ಆಗೋದು? ಎಲ್ಲ ಸೇರಿಸಿದರೆ ಐವತ್ತು ಸಾಲು ಆಗುತ್ತಲ್ಲ?

ಆಗಲಿ. ಬೇರೆ ವಿಷಯದಲ್ಲಿ ಚಿಕ್ಕದು ಚೆಂದ. ಇಲ್ಲಿ ಬಿಟ್ಟ ಸಾಲನ್ನು ಓದುಗ ತನಗೆ ತೋಚಿದಂತೆ ತುಂಬಿಕೊಳ್ಳುತ್ತಾನೆ, ಐವಿ ವಿಷಯದಲ್ಲಿ ಆದ ಹಾಗೆ. ಬಿಡಲೇಬೇಕಾದ ಜಾಗ ಇದ್ದರೆ ಅಲ್ಲಿ ಕೋಡ್ ಕಂಪೈಲ್ ಆಗದ ಹಾಗೆ ಬಿಡಿ. ಆಂಡ್ರಾಯ್ಡ್ ಉದಾಹರಣೆಗಳಲ್ಲಿ ಪ್ಲೇನ್‌ಟೆಕ್ಸ್ಟ್ ಜಾಗದಲ್ಲಿ ಬರೀ ಮೂರು ಚುಕ್ಕಿ ಇರುತ್ತದೆ. ಅದು ಸರಿಯಾದ ಕ್ರಮ. ಕಾಟ್ಲಿನ್‌ನಲ್ಲಿ "ಟೂಡೂ" ಫಂಕ್ಷನ್ ಹಾಕಿದರೆ ಕಂಪೈಲ್ ಆದರೂ ಓಡಿಸಿದ ಕೂಡಲೇ ಬಿದ್ದುಹೋಗುತ್ತದೆ, ಅದೂ ಆಗಬಹುದು. ಸುಳ್ಳು ಕೀ ಮಾತ್ರ ಬೇಡ, ಅದು ಬೀಳುವುದೇ ಇಲ್ಲ.

ತಪ್ಪು ಕಂಡರೆ ಎಲ್ಲಿ ಹೇಳೋದು, ಹೇಗೆ ಹೇಳೋದು?

ಆಂಡ್ರಾಯ್ಡ್‌ಗೆ ಗೂಗಲ್ ಇಶ್ಯೂ ಟ್ರ್ಯಾಕರ್ ಇದೆ. ಎಪಿಐ ರೆಫರೆನ್ಸ್ ಪುಟಗಳು ಸೋರ್ಸ್ ಕೋಡ್‌ನ ಕಾಮೆಂಟ್‌ಗಳಿಂದಲೇ ತಯಾರಾಗುವುದರಿಂದ ಯಾವ ಫೈಲ್ ಅಂತ ಹೇಳಿದರೆ ಕೆಲಸ ಸಲೀಸು. ಮೈಕ್ರೋಸಾಫ್ಟ್‌ನ ಹಲವು ಪುಟಗಳು ಗಿಟ್‌ಹಬ್‌ನಲ್ಲಿವೆ, ನೇರ ಪುಲ್ ರಿಕ್ವೆಸ್ಟ್ (ತಿದ್ದುಪಡಿಯ ಕೋರಿಕೆ) ಕಳಿಸಬಹುದು. ಕರ್ನಲ್‌ಗೆ ಲಿನಕ್ಸ್‌ಕ್ರಿಪ್ಟೋ ಮೇಲಿಂಗ್ ಲಿಸ್ಟ್‌ಗೆ ಸಾದಾ ಟೆಕ್ಸ್ಟ್ ಪ್ಯಾಚ್. ಆಪಲ್‌ಗೆ ಫೀಡ್‌ಬ್ಯಾಕ್ ಅಸಿಸ್ಟೆಂಟ್.

"ಇದು ಸುರಕ್ಷಿತವಲ್ಲ" ಅಂತ ಮಾತ್ರ ಬರೆದರೆ ದೂರು ಮೂಲೆ ಸೇರುತ್ತದೆ. ಕಣ್ಣಿಗೆ ಕಾಣುವ ಹಾಗೆ ತೋರಿಸಿ. ಅವರ ಉದಾಹರಣೆಗೆ 32 ಸೊನ್ನೆ ಬೈಟ್ ಕೊಡಿ. ಔಟ್‌ಪುಟ್‌ನ ಮೊದಲ 16 ಬೈಟ್, ಮುಂದಿನ 16 ಬೈಟ್ ಒಂದೇ ಆಗಿದ್ದರೆ ಅದು ಇಸಿಬಿ. ಒಂದೇ ವಾಕ್ಯವನ್ನು ಎರಡು ಸಲ ಎನ್‌ಕ್ರಿಪ್ಟ್ ಮಾಡಿ. ಎರಡೂ ಒಂದೇ ಬಂದರೆ ಐವಿ ಬದಲಾಗುತ್ತಿಲ್ಲ. ಈ ಎರಡು ಔಟ್‌ಪುಟ್ ಅಂಟಿಸಿ, ಕೆಳಗೆ ಬದಲಿ ಕೋಡ್ ಪೂರ್ತಿ ಕೊಡಿ. ಒಂದು ದೂರಿನಲ್ಲಿ ಒಂದೇ ತಪ್ಪು.

ನಾನು ಕ್ರಿಪ್ಟೋ ತಜ್ಞ ಅಲ್ಲ. ನಾನು ಹೇಳಿದರೆ ನಡೆಯುತ್ತಾ?

ಮೇಲಿನ ಎರಡೂ ಪರೀಕ್ಷೆಗೆ ಗಣಿತ ಬೇಕಾಗಿಲ್ಲ. "ಡೀಕ್ರಿಪ್ಟ್ ಮಾಡೋದು ತೋರಿಸಿಲ್ಲ" ಅನ್ನಲು ಅನುಭವವೂ ಬೇಡ. ಹೊಸಬರಿಗೇ ಅದು ಬೇಗ ಕಾಣುತ್ತದೆ.

ಹಳೆಯ ಉದಾಹರಣೆಯನ್ನು ಅಳಿಸಿಬಿಟ್ಟರೆ ಆಯ್ತಲ್ವಾ?

ಅಳಿಸಿದರೆ ಅದರ ನಕಲುಗಳು ಉಳಿಯುತ್ತವೆ, ತಪ್ಪು ಅಂತ ಹೇಳುವ ಮೂಲ ಮಾತ್ರ ಮಾಯವಾಗುತ್ತದೆ. ಹಳೆಯ ಡೇಟಾ ಇಟ್ಟುಕೊಂಡವರಿಗೆ ದಾರಿಯೂ ತಪ್ಪುತ್ತದೆ. ಅದೇ ಪುಟದಲ್ಲಿ ಹೊಸ ಕೋಡ್ ಹಾಕಿ, ಏನು ಬದಲಾಯಿತು, ಯಾವಾಗ, ಹಳೆಯ ಡೇಟಾ ಹೇಗೆ ಓದಬೇಕು ಅಂತ ಬರೆಯುವುದು ಮೇಲು. ಹೊಸ ಡೇಟಾದ ಮೊದಲ ಬೈಟ್ ಆವೃತ್ತಿ ಸಂಖ್ಯೆಗೆ ಮೀಸಲಿಡಿ ಅಂತ ಉದಾಹರಣೆಯಲ್ಲೇ ತೋರಿಸಿದರೆ ಮುಂದಿನ ಬದಲಾವಣೆ ಇಷ್ಟು ನೋವು ಕೊಡುವುದಿಲ್ಲ.

ನಮ್ಮ ಆಪ್‌ನಲ್ಲಿ ಇಂಥ ಹಳೇ ಉದಾಹರಣೆ ಸೇರಿಕೊಂಡಿದೆಯಾ ಅಂತ ಹೇಗೆ ನೋಡೋದು?

ಕೋಡ್‌ನಲ್ಲಿ ಇಸಿಬಿ, ಮೋಡ್ ಇಲ್ಲದ ಎಇಎಸ್, ಶಾ1ಪಿಆರ್‌ಎನ್‌ಜಿ, ಎಂಡಿ5, 1,000 ಅನ್ನುವ ಸುತ್ತಿನ ಸಂಖ್ಯೆ ಇವನ್ನು ಹುಡುಕಿ. ಬೈಟ್ ಅರೇಯಾಗಿ ಬರೆದಿಟ್ಟ 16 ಅಥವಾ 32 ಬೈಟ್‌ಗಳನ್ನು ಹುಡುಕಿ. ಅಂಥ ಕೀ ಸಿಕ್ಕಿತು, ಉದಾಹರಣೆಯದ್ದಾ ಅಂತ ಅನುಮಾನ ಬಂತು ಅನ್ನಿ, ಪೂರ್ತಿ ಕೀಯನ್ನು ಸರ್ಚ್ ಬಾಕ್ಸ್‌ಗೆ ಹಾಕಬೇಡಿ. ಅದು ನಿಜವಾದ ಕೀ ಆಗಿದ್ದರೆ ನೀವೇ ಹೊರಗೆ ಕೊಟ್ಟಂತೆ. ಮೊದಲ ನಾಲ್ಕು ಬೈಟ್ ಸಾಕು. 2ಬಿ, 7ಇ, 15, 16 ಅಂತ ಶುರುವಾದರೆ ಹುಡುಕುವುದೂ ಬೇಡ, ಅದು ಆ ಹ್ಯುಂಡೈ ಕಾರಿನಲ್ಲಿ ಸಿಕ್ಕ ನಿಸ್ಟ್ ಕೀಯೇ.